‘ಜಿಪುಣ ಓನರ್’ ಬರೆದ ಪತ್ರ

ಸಂಪಾದಕರಿಗೆ ನಮಸ್ಕಾರ.

ಫೋನಿನ ಆ್ಯಪ್‌ಗಳಿಂದ ನಮ್ಮ ಮಾಹಿತಿ ಕಾಪಾಡಿಕೊಳ್ಳುವುದು ಹೇಗೆ ಅಂತ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟದ ಲೇಖನ ಬಂದಿತ್ತು. ಚೆನ್ನಾಗಿಯೇ ಇತ್ತು. ಗಟ್ಟಿ ಪಾಸ್‌ವರ್ಡ್ ಇಟ್ಟುಕೊಳ್ಳಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಯಾವುದೇ ಆ್ಯಪ್ ಹಾಕಿಕೊಳ್ಳುವ ಮುಂಚೆ ಅದರ ಷರತ್ತುಗಳನ್ನು ಪೂರ್ತಿ ಓದಿ. ಈ ಕೊನೆಯ ಸಲಹೆ ಓದಿ ನಗು ಬಂತು. ಆ ಷರತ್ತುಗಳನ್ನು ಬರೆದ ವಕೀಲರನ್ನು ಬಿಟ್ಟರೆ ಇನ್ಯಾರೂ ಪೂರ್ತಿ ಓದಿರಲಿಕ್ಕಿಲ್ಲ. ನಿಮ್ಮ ಲೇಖಕರೂ ಓದಿರಲಿಕ್ಕಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ತಕರಾರು ಬೇರೆ. ಆ ಲೇಖನದ ತುಂಬ ‘ನಿಮ್ಮ ಮಾಹಿತಿ, ನಿಮ್ಮ ಮಾಹಿತಿ’ ಅಂತಲೇ ಇದೆ. ನನ್ನ ಫೋನಿನಲ್ಲಿ ಇರುವುದೆಲ್ಲ ನನ್ನದೇ ಅಂತ ಯಾರು ಹೇಳಿದ್ದು? ಮೂರು ತಿಂಗಳ ಹಿಂದೆ ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ. ಹೊಳೆದದ್ದು ಒಂದು ನೀರಿನ ಮೋಟಾರು ಕೆಟ್ಟಿದ್ದರಿಂದ.

ನನ್ನದೊಂದು ಸಣ್ಣ ಮನೆ ಬಾಡಿಗೆಗೆ ಇದೆ. ಅದರ ಮೋಟಾರು ಕೈಕೊಟ್ಟಿತು. ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಒಬ್ಬ ಹುಡುಗ, ನಾನು ಬಾಯಿ ತೆರೆಯುವ ಮುಂಚೆಯೇ, ‘ಹೇಳಿ ಓನರೇ’ ಅಂದ. ದನಿಯಲ್ಲಿ ಸಣ್ಣ ನಗು ಇದ್ದ ಹಾಗಿತ್ತು. ಯಾರೋ ನನ್ನ ಬಗ್ಗೆ ಮೊದಲೇ ಹೇಳಿರಬೇಕು ಅಂದುಕೊಂಡು ಸುಮ್ಮನಾದೆ. ಬಂದ, ಮೋಟಾರು ಬಿಚ್ಚಿದ, ಸರಿ ಮಾಡಿದ. ಹೊರಡುವಾಗ ಕೇಳಿದೆ, ‘ನಾನು ಓನರ್ ಅಂತ ನಿನಗೆ ಹೇಗೆ ಗೊತ್ತಾಯ್ತಪ್ಪ?’ ಅವನು ಸ್ವಲ್ಪ ಹಿಂದೆ ಮುಂದೆ ನೋಡಿದ. ಆಮೇಲೆ ಫೋನ್ ತಿರುಗಿಸಿ ತೋರಿಸಿದ. ನನ್ನ ನಂಬರು, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಜಿಪುಣ ಓನರ್’.

‘ನಾನು ಹಾಕಿದ್ದಲ್ಲ ಸಾರ್, ಅದೇ ತೋರಿಸುತ್ತೆ’ ಅಂದ.

ಅವತ್ತು ಕೂಲಿ ವಿಚಾರದಲ್ಲಿ ನಾನು ಒಂದು ಮಾತೂ ಚೌಕಾಸಿ ಮಾಡಲಿಲ್ಲ.

ಆಗಿದ್ದು ಇಷ್ಟು. ಯಾರು ಫೋನ್ ಮಾಡುತ್ತಿದ್ದಾರೆ ಅಂತ ಹೆಸರು ತೋರಿಸುವ ಆ್ಯಪ್ ಒಂದು ಅವನ ಫೋನಿನಲ್ಲಿತ್ತು. ಅದು ನನ್ನ ಫೋನಿನಲ್ಲಿ ಇಲ್ಲ, ಯಾವತ್ತೂ ಇರಲಿಲ್ಲ. ಆದರೆ ನನ್ನ ಹಳೆಯ ಬಾಡಿಗೆದಾರರಲ್ಲಿ ಯಾರೋ ಒಬ್ಬರು ನನ್ನ ನಂಬರನ್ನು ಆ ಹೆಸರಿನಲ್ಲಿ ಸೇವ್ ಮಾಡಿಕೊಂಡಿದ್ದಾರೆ, ಮತ್ತು ಯಾವತ್ತೋ ಒಂದು ದಿನ ಆ ಆ್ಯಪ್ ‘ನಿಮ್ಮ ಕಾಂಟ್ಯಾಕ್ಟ್‌ಗಳನ್ನು ನೋಡಲೇ?’ ಅಂದಾಗ ‘ಅಲೋ’ ಒತ್ತಿದ್ದಾರೆ. ಈ ಬಗೆಯ ಕೆಲವು ಆ್ಯಪ್‌ಗಳ ಬಂಡವಾಳವೇ ಅದು. ಜನರ ಫೋನ್‌ಬುಕ್‌ಗಳನ್ನೆಲ್ಲ ಒಂದು ಕಡೆ ಸುರಿದುಕೊಂಡು, ಯಾವ ನಂಬರಿಗೆ ಯಾರು ಏನು ಹೆಸರಿಟ್ಟಿದ್ದಾರೆ ನೋಡಿ, ಅದನ್ನು ಊರಿಗೆಲ್ಲ ತೋರಿಸುವುದು. ಯಾರಿರಬಹುದು ಅಂತ ನಾನೂ ಯೋಚಿಸಿದೆ. ಒಬ್ಬರ ಮೇಲೆ ಅನುಮಾನ ಇದೆ, ಗೋಡೆಗೆ ಮೊಳೆ ಹೊಡೀಬೇಡಿ ಅಂದಿದ್ದಕ್ಕೆ ಮುಖ ಊದಿಸಿಕೊಂಡಿದ್ದರು. ಇರಲಿ.

ಆ ಹೆಸರು ತೆಗೆಸಲು ಕೂತೆ. ಆ ಕಂಪನಿಯ ವೆಬ್‌ಸೈಟಿನಲ್ಲಿ ಅದಕ್ಕೊಂದು ಪುಟ ಇದೆ, ಒಪ್ಪಿಕೊಳ್ಳಬೇಕು. ಆದರೆ ಅಲ್ಲಿ ನಂಬರ್ ಹಾಕಬೇಕು, ಓಟಿಪಿ ಬರುತ್ತದೆ, ಅದನ್ನೂ ಹಾಕಬೇಕು. ನಾನು ಅವರಿಗೆ ಯಾವತ್ತೂ ಕೊಡದ ನಂಬರನ್ನು ತೆಗೆಯಿರಿ ಅಂತ ಕೇಳೋದಕ್ಕೆ, ಇದು ನನ್ನದೇ ನಂಬರು ಅಂತ ನಾನೇ ಅವರಿಗೆ ಸಾಬೀತು ಮಾಡಿ ಕೊಟ್ಟ ಹಾಗಾಯಿತು. ಬೇರೆ ದಾರಿ ಇರಲಿಲ್ಲ, ಮಾಡಿದೆ.

ಸಿಟ್ಟು ಇಳಿದಿರಲಿಲ್ಲ. ರಾತ್ರಿ ಮಲಗುವ ಮುಂಚೆ ನನ್ನ ಫೋನಿನ ಸೆಟ್ಟಿಂಗ್ಸ್‌ಗೆ ಹೋದೆ. ಅಲ್ಲಿ ಪ್ರೈವೆಸಿ ಅಂತ ಒಂದು ಭಾಗ, ಅದರೊಳಗೆ ಪರ್ಮಿಶನ್ ಮ್ಯಾನೇಜರ್, ಅಂದರೆ ಯಾವ ಆ್ಯಪ್‌ಗೆ ಏನೇನು ನೋಡಲು ಅನುಮತಿ ಕೊಟ್ಟಿದ್ದೇವೆ ಅನ್ನುವ ಪಟ್ಟಿ. ನನ್ನದು ಆಂಡ್ರಾಯ್ಡ್. ಐಫೋನ್‌ನಲ್ಲೂ ಇದೇ ಥರದ ಪಟ್ಟಿ ಪ್ರೈವೆಸಿಯೊಳಗೆ ಇರುತ್ತದೆ. ಕಾಂಟ್ಯಾಕ್ಟ್ಸ್ ಅಂತ ಇದ್ದದ್ದನ್ನು ಒತ್ತಿದೆ. 22 ಆ್ಯಪ್‌ಗಳು! ಕಾಗದ ಸ್ಕ್ಯಾನ್ ಮಾಡುವ ಆ್ಯಪ್ ಅದರಲ್ಲಿತ್ತು. ಫೋಟೋಗೆ ಬಣ್ಣ ತಿದ್ದುವ ಆ್ಯಪ್ ಇತ್ತು. ಮೊಮ್ಮಗನಿಗೆ ಅಂತ ಹಾಕಿದ್ದ, ಬಲೂನು ಒಡೆಯುವ ಆಟ ಇತ್ತು. ಬಲೂನು ಒಡೆಯೋದಕ್ಕೆ ನನ್ನ ಡಾಕ್ಟರ ನಂಬರು ಯಾಕಪ್ಪ ಬೇಕು?

ನನ್ನ ಫೋನ್‌ಬುಕ್‌ನಲ್ಲಿ ಏಳು ನೂರಕ್ಕಿಂತ ಜಾಸ್ತಿ ಹೆಸರುಗಳಿವೆ. ಹಾಗೇ ಒಂದೊಂದೇ ನೋಡುತ್ತ ಹೋದೆ. ಹಳೆಯ ಸಹೋದ್ಯೋಗಿಗಳು, ತೀರಿಹೋದ ಇಬ್ಬರು ಗೆಳೆಯರು (ಅವರ ನಂಬರ್ ಅಳಿಸಲು ಮನಸ್ಸು ಬಂದಿಲ್ಲ), ಹೆಸರಿನ ಮುಂದೆ ಕಾಯಿಲೆ ಬರೆದುಕೊಂಡ ಡಾಕ್ಟರುಗಳು, ‘ಹಣ ಕೊಡಬೇಕು’ ಅಂತ ಸೇರಿಸಿಕೊಂಡ ಒಂದೆರಡು ಹೆಸರು. ಕೆಲವರ ಮನೆ ವಿಳಾಸ, ಹುಟ್ಟಿದ ದಿನ ಕೂಡ ಇತ್ತು. ನಾನು ಬೇರೆಯವರಿಗೆ ಇಟ್ಟ ಅಡ್ಡಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ‘ಜಿಪುಣ ಓನರ್’ ಅದರ ಮುಂದೆ ತುಂಬ ಮರ್ಯಾದೆಯ ಹೆಸರು ಅಂತ ಮಾತ್ರ ಹೇಳಬಲ್ಲೆ.

ಅಲ್ಲಿಯವರೆಗೂ ಒಂಥರಾ ತಮಾಷೆಯಾಗಿಯೇ ಇತ್ತು. ಆಮೇಲೆ ಒಂದು ಹೆಸರಿನ ಹತ್ತಿರ ಬಂದು ನಿಂತುಬಿಟ್ಟೆ. ನಮಗೆ ಬೇಕಾದ ಒಬ್ಬ ಹೆಣ್ಣುಮಗಳು, ಗಂಡನ ಕಾಟ ತಾಳಲಾರದೆ ಮನೆ ಬಿಟ್ಟು ಬಂದವರು. ಊರು ಬದಲಾಯಿಸಿ, ನಂಬರ್ ಬದಲಾಯಿಸಿ, ಆ ಹೊಸ ನಂಬರನ್ನು ಆರೇಳು ಜನರಿಗೆ ಮಾತ್ರ ಕೊಟ್ಟಿದ್ದರು. ‘ದಯವಿಟ್ಟು ಯಾರಿಗೂ ಕೊಡಬೇಡಿ ಅಂಕಲ್’ ಅಂತ ಎರಡೆರಡು ಸಲ ಹೇಳಿದ್ದರು. ಯಾರೂ ಕೇಳಲಿಲ್ಲ, ನಾನೂ ಯಾರಿಗೂ ಕೊಡಲಿಲ್ಲ. ಬಾಯಿಬಿಟ್ಟು ಕೊಡಲಿಲ್ಲ, ಅಷ್ಟೇ. ಫೋನಿನಲ್ಲಿ ಅವರ ಪೂರ್ತಿ ಹೆಸರು ಹಾಕಿ, ಪಕ್ಕದಲ್ಲಿ ‘ಹೊಸ ನಂಬರ್’ ಅಂತಲೂ ಸೇರಿಸಿ ಸೇವ್ ಮಾಡಿಕೊಂಡಿದ್ದೆ. ಆಮೇಲೆ ಆ ಫೋನ್‌ಬುಕ್‌ನ ಬಾಗಿಲನ್ನು 22 ಆ್ಯಪ್‌ಗಳಿಗೆ ತೆರೆದಿಟ್ಟಿದ್ದೆ.

ಬೆಳಿಗ್ಗೆ ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ‘ಪರವಾಗಿಲ್ಲ ಅಂಕಲ್, ಇನ್ನೊಂದ್ಸಲ ಬದಲಾಯಿಸ್ತೀನಿ’ ಅಂದರು. ಆ ‘ಪರವಾಗಿಲ್ಲ’ ನನಗೆ ಇನ್ನೂ ಕಿವಿಯಲ್ಲಿದೆ.

ಯಾವ ಆ್ಯಪ್ ನಿಜವಾಗಿಯೂ ಆ ಪಟ್ಟಿಯನ್ನು ಹೊತ್ತೊಯ್ದಿದೆ, ಯಾವುದು ಸುಮ್ನೆ ಅನುಮತಿ ಮಾತ್ರ ಇಟ್ಟುಕೊಂಡು ಕೂತಿದೆ, ಇದು ನನಗೆ ಗೊತ್ತಾಗುವ ಹಾಗೇ ಇಲ್ಲ. ಕಷ್ಟ ಇರುವುದೇ ಇಲ್ಲಿ. ಹೋಗಿದ್ದರೆ ಯಾವ ಶಬ್ದವೂ ಆಗಿರುವುದಿಲ್ಲ, ಯಾವ ಗುರುತೂ ಉಳಿದಿರುವುದಿಲ್ಲ.

ಇದು ಹೊಸ ವಿಷಯವೇನೂ ಅಲ್ಲ. 2012ರಲ್ಲಿ ಪಾತ್ ಅನ್ನುವ ಒಂದು ಆ್ಯಪ್ ಐಫೋನ್ ಬಳಸುವವರ ಇಡೀ ಫೋನ್‌ಬುಕ್ಕನ್ನು ಹೇಳದೆ ಕೇಳದೆ ತನ್ನ ಸರ್ವರ್‌ಗೆ, ಅಂದರೆ ಕಂಪನಿಯ ಕಂಪ್ಯೂಟರಿಗೆ, ಸಾಗಿಸುತ್ತಿತ್ತು ಅನ್ನುವುದು ಬಯಲಾಯಿತು. ಗಲಾಟೆ ಆದ ಮೇಲೆ ಕಂಪನಿ ಕ್ಷಮೆ ಕೇಳಿ, ತಂದದ್ದನ್ನು ಅಳಿಸಿಹಾಕುತ್ತೇವೆ ಅಂದಿತು. ಅದೇ ವರ್ಷ ಬಂದ ಐಫೋನ್ ಸಾಫ್ಟ್‌ವೇರ್‌ನಿಂದ ಫೋನ್‌ಬುಕ್ ಮುಟ್ಟಬೇಕಾದರೆ ಕೇಳಿಯೇ ಮುಟ್ಟಬೇಕು ಅನ್ನುವ ವ್ಯವಸ್ಥೆ ಬಂತು. ಆಂಡ್ರಾಯ್ಡ್‌ನಲ್ಲಿ 2015ರವರೆಗೂ ಇನ್ನೊಂದು ಥರ ಇತ್ತು. ಆ್ಯಪ್ ಹಾಕಿಕೊಳ್ಳುವಾಗಲೇ ಉದ್ದದ ಪಟ್ಟಿ ತೋರಿಸುತ್ತಿತ್ತು, ಎಲ್ಲ ಒಪ್ಪಿದರೆ ಆ್ಯಪ್ ಉಂಟು, ಒಂದಕ್ಕೆ ಒಲ್ಲೆ ಅಂದರೂ ಇಲ್ಲ. ಆಂಡ್ರಾಯ್ಡ್ 6 ಬಂದ ಮೇಲೆ ಒಂದೊಂದಕ್ಕೂ ಬೇರೆ ಬೇರೆಯಾಗಿ, ಬೇಕಾದಾಗ ಕೇಳುವ ಪದ್ಧತಿ ಶುರುವಾಯಿತು. ಆದರೆ ಕೇಳುವುದೇನೋ ಕೇಳುತ್ತವೆ, ಕೇಳುವ ಹೊತ್ತು ನೋಡಿ. ನಮಗೆ ಅರ್ಜೆಂಟಾಗಿ ಒಂದು ಕಾಗದ ಸ್ಕ್ಯಾನ್ ಮಾಡಿ ಕಳಿಸಬೇಕಾಗಿರುತ್ತದೆ, ಆಗಲೇ ಬಂದು ಅಡ್ಡ ನಿಲ್ಲುತ್ತದೆ. ‘ಅಲೋ’ ಒತ್ತಿದರೆ ಮುಂದೆ ಹೋಗಬಹುದು. ಒತ್ತದೆ ಏನು ಮಾಡುತ್ತೀರಿ?

ಇನ್ನೂ ದೊಡ್ಡ ಉದಾಹರಣೆ ಎಲ್ಲರಿಗೂ ನೆನಪಿರಬೇಕು, ಜನರ ಮಾಹಿತಿಯನ್ನು ಚುನಾವಣಾ ಪ್ರಚಾರಕ್ಕೆ ಬಳಸುತ್ತಿದ್ದ ಕೇಂಬ್ರಿಡ್ಜ್ ಅನಾಲಿಟಿಕಾ ಅನ್ನುವ ಕಂಪನಿ. ಆ ಹಗರಣದ ಬಗ್ಗೆ 2018ರಲ್ಲಿ ನಿಮ್ಮ ಪತ್ರಿಕೆಯಲ್ಲೂ ಪುಟಗಟ್ಟಲೆ ಬಂದಿತ್ತು. ಫೇಸ್‌ಬುಕ್‌ನಲ್ಲಿ ಒಂದು ಸ್ವಭಾವ ಪರೀಕ್ಷೆಯ ಆ್ಯಪ್. ಅದನ್ನು ಹಾಕಿಕೊಂಡವರು ಸುಮಾರು 3 ಲಕ್ಷ ಜನ. ಮಾಹಿತಿ ಕೈದಾಟಿದ್ದು 8.7 ಕೋಟಿ ಜನರದ್ದು ಇರಬಹುದು ಅಂತ ಫೇಸ್‌ಬುಕ್ಕೇ ಹೇಳಿತು. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಉಳಿದವರು ಆ ಆ್ಯಪಿನ ಮುಖವನ್ನೇ ನೋಡಿರಲಿಲ್ಲ. ಅವರ ಸ್ನೇಹಿತರು ಯಾರೋ ಒತ್ತಿದ್ದರು, ಅಷ್ಟೇ ಅವರ ತಪ್ಪು. ಮುಂದಿನ ವರ್ಷ ಅಮೆರಿಕದಲ್ಲಿ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಬಿತ್ತು. ಆದರೆ ಸುದ್ದಿಯೆಲ್ಲ ಚುನಾವಣೆಯ ಸುತ್ತ, ರಾಜಕಾರಣದ ಸುತ್ತ ಗಿರಕಿ ಹೊಡೆಯಿತು. ಒಬ್ಬ ಒತ್ತಿದ ಬಟನ್ನಿಗೆ ಮುನ್ನೂರು ಜನ ಬೆತ್ತಲಾಗಬಹುದು ಅನ್ನುವ ಸರಳ ಲೆಕ್ಕ ಎಲ್ಲೋ ಕಳೆದುಹೋಯಿತು.

ಈ ವಿಚಾರ ಎತ್ತಿದರೆ ನಮ್ಮ ಮನೆಯಲ್ಲೂ ಅದೇ ಮಾತು. ‘ನಮ್ಮ ಹತ್ರ ಕದಿಯೋಕೆ ಏನಿದೆ ರೀ?’ ಅಂತ ನನ್ನ ಹೆಂಡತಿ. ಮಾವನವರೂ ಇದೇ ಗುಂಪು. ಮಾವನವರ ಫೋನನ್ನು ಹೀಗೇ ಒಂದು ಸಂಜೆ ಕೈಗೆ ತೆಗೆದುಕೊಂಡೆ. ಕಾಂಟ್ಯಾಕ್ಟ್‌ಗಳಲ್ಲಿ ‘ಅಣ್ಣ ಬ್ಯಾಂಕ್’ ಅಂತ ಒಂದು ಹೆಸರು, ಅದರ ನಂಬರಿನಲ್ಲಿ ಏನೋ ಎಡವಟ್ಟು. ಇದು ಯಾರು ಮಾವ ಅಂದೆ. ಮೊದಲು ನಕ್ಕರು, ಆಮೇಲೆ ಪಿಸುಗುಟ್ಟಿದರು. ಕೊನೆಯ ನಾಲ್ಕು ಅಂಕಿ ಎಟಿಎಂ ಪಿನ್. ಮರೆತುಹೋಗುತ್ತದೆ ಅಂತ ಫೋನ್ ನಂಬರಿನ ವೇಷ ಹಾಕಿಸಿ ಕೂರಿಸಿದ್ದರು. ಹೀಗೆ ಮಾಡುವವರು ಬಹಳ ಜನ ಇದ್ದಾರೆ, ನನಗೇ ಇನ್ನಿಬ್ಬರು ಗೊತ್ತು. ಅವರ ಫೋನಿನಲ್ಲಿ ಆ ಪಟ್ಟಿ ಎಷ್ಟು ಆ್ಯಪ್‌ಗಳಿಗೆ ತೆರೆದಿತ್ತು ಅಂತ ಲೆಕ್ಕ ಹಾಕುವ ಧೈರ್ಯ ಮಾಡಲಿಲ್ಲ. ಮೊದಲು ಅಣ್ಣನನ್ನು ಅಳಿಸಿದೆವು, ಮಾರನೆಯ ದಿನ ಹೋಗಿ ಪಿನ್ ಬದಲಾಯಿಸಿ ಬಂದರು.

ಹೆಂಡತಿಯ ಇನ್ನೊಂದು ವಾದಕ್ಕೆ ಉತ್ತರ ಹೇಳೋದಕ್ಕೆ ನನಗೆ ಸ್ವಲ್ಪ ಓದಬೇಕಾಯಿತು. ‘ಫೋನು ನಾವಾಡಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತೆ, ಮೊನ್ನೆ ಅಕ್ಕನ ಹತ್ರ ಹೊಲಿಗೆ ಮೆಷಿನ್ ಬಗ್ಗೆ ಮಾತಾಡಿದೆ, ಸಂಜೆಗೆಲ್ಲ ಅದರದ್ದೇ ಜಾಹೀರಾತು. ಇಷ್ಟರ ಮೇಲೆ ಪರ್ಮಿಶನ್ ತೆಗೆದರೇನು ಬಿಟ್ಟರೇನು’ ಅಂತ. ಇದು ಬಹಳ ಜನರ ನಂಬಿಕೆ, ಅಲ್ವಾ? ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಕದ್ದು ಮೈಕ್ ಆನ್ ಮಾಡಿ ಮಾತು ಕಳಿಸಿದ ಒಂದು ಆ್ಯಪೂ ಅವರಿಗೆ ಸಿಗಲಿಲ್ಲ. ಪರದೆಯ ಮೇಲೆ ನಾವು ಮಾಡುವುದನ್ನು ವಿಡಿಯೋ ತೆಗೆದು ಬೇರೆ ಕಂಪನಿಗೆ ಕಳಿಸುತ್ತಿದ್ದದ್ದು ಸಿಕ್ಕಿತು, ಅದು ಬೇರೆ ಕಥೆ. ಹಾಗಾದರೆ ಹೊಲಿಗೆ ಮೆಷಿನ್ ಎಲ್ಲಿಂದ ಬಂತು? ನನ್ನ ಊಹೆ ಹೇಳುತ್ತೇನೆ. ಅಕ್ಕ ಅದನ್ನು ಫೋನಿನಲ್ಲಿ ಹುಡುಕಿರುತ್ತಾರೆ. ಅಕ್ಕ ತಂಗಿ ಇಬ್ಬರೂ ಒಬ್ಬರ ಫೋನ್‌ಬುಕ್‌ನಲ್ಲಿ ಒಬ್ಬರು ಇದ್ದಾರೆ, ಅವತ್ತು ಒಂದೇ ಮನೆಯಲ್ಲಿ, ಒಂದೇ ವೈಫೈನಲ್ಲಿ ಇದ್ದರು. ಇವರಿಬ್ಬರೂ ಬೇಕಾದವರು, ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೂ ಬೇಕಾಗಬಹುದು ಅಂತ ಲೆಕ್ಕ ಹಾಕುವುದಕ್ಕೆ ಮೈಕ್ ಯಾಕೆ ಬೇಕು? ಇಲ್ಲೂ ಅದೇ ಕಥೆ. ನಿಮ್ಮನ್ನು ತಿಳಿಯಬೇಕಾದರೆ ನಿಮ್ಮ ಸುತ್ತ ಇರುವವರನ್ನು ನೋಡಿದರೆ ಸಾಕು.

ಲೊಕೇಶನ್ ವಿಚಾರವೂ ಹಾಗೆಯೇ. ಹೆಸರಿಲ್ಲದೆ ಬರೀ ಓಡಾಟದ ಮಾಹಿತಿ ಸಂಗ್ರಹಿಸುತ್ತೇವೆ, ಯಾರು ಅಂತ ಗೊತ್ತಾಗುವುದಿಲ್ಲ ಅಂತ ಷರತ್ತುಗಳಲ್ಲಿ ಬರೆದಿರುತ್ತಾರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 15 ಲಕ್ಷ ಜನರ ಹದಿನೈದು ತಿಂಗಳ ಫೋನ್ ಓಡಾಟವನ್ನು, ಹೆಸರು ತೆಗೆದು, ವಿಜ್ಞಾನಿಗಳು ನೋಡಿದರು. ಯಾವ ಹೊತ್ತಿಗೆ ಎಲ್ಲಿ ಇದ್ದರು ಅನ್ನುವ ನಾಲ್ಕೇ ನಾಲ್ಕು ಸಂಗತಿ ಗೊತ್ತಿದ್ದರೆ 95 ಶೇಕಡಾ ಜನರನ್ನು ಅಷ್ಟು ದೊಡ್ಡ ಗುಂಪಿನಲ್ಲಿ ಬೇರೆಯಾಗಿ ಗುರುತಿಸಬಹುದಿತ್ತು. ಯೋಚಿಸಿದರೆ ಆಶ್ಚರ್ಯ ಇಲ್ಲ. ರಾತ್ರಿಯೆಲ್ಲ ನನ್ನ ಮನೆಯಲ್ಲಿ ಮಲಗಿ, ಬೆಳಿಗ್ಗೆ ನನ್ನ ಆಫೀಸಿಗೆ ಹೋಗುವ ಫೋನು ಪ್ರಪಂಚದಲ್ಲಿ ಇನ್ನೆಷ್ಟಿರುತ್ತದೆ? ಹೆಸರು ಯಾರಿಗೆ ಬೇಕು. 2013ರಲ್ಲೇ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಒಂದು ಟಾರ್ಚ್ ಆ್ಯಪನ್ನು ಹಿಡಿಯಿತು. ಕೋಟಿಗಟ್ಟಲೆ ಜನ ಹಾಕಿಕೊಂಡಿದ್ದ ಆ ಬೆಳಕಿನ ಆ್ಯಪ್, ಅವರೆಲ್ಲ ಎಲ್ಲಿದ್ದಾರೆ ಅನ್ನುವುದನ್ನು ಜಾಹೀರಾತು ಕಂಪನಿಗಳಿಗೆ ಕಳಿಸುತ್ತಿತ್ತು. ಈಗಿನ ಫೋನುಗಳಲ್ಲಿ ‘ಆ್ಯಪ್ ಬಳಸುವಾಗ ಮಾತ್ರ’, ‘ಈ ಸಲ ಮಾತ್ರ’ ಅನ್ನುವ ಆಯ್ಕೆಗಳಿವೆ. 2021ರ ಆಂಡ್ರಾಯ್ಡ್ 12ರಿಂದ ನಿಖರ ಜಾಗ ಕೊಡದೆ ಅಂದಾಜು ಜಾಗ ಕೊಡುವ ಆಯ್ಕೆಯೂ ಇದೆ, ಐಫೋನ್‌ಗೆ ಅದಕ್ಕಿಂತ ಒಂದು ವರ್ಷ ಮುಂಚೆಯೇ ಬಂತು. ಮಳೆ ಬರುತ್ತದೋ ಇಲ್ಲವೋ ಹೇಳುವ ಆ್ಯಪ್‌ಗೆ ಅಂದಾಜು ಸಾಕು. ನಾನು ಯಾವ ರೂಮಿನಲ್ಲಿ ಕೂತಿದ್ದೇನೆ ಅಂತ ಮೋಡಕ್ಕೆ ಗೊತ್ತಾಗಬೇಕಿಲ್ಲ.

ಫೋಟೋಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗ್ಯಾಲರಿ ಪೂರ್ತಿ ಕೊಡುವುದು ಅಂದರೆ ಮದುವೆಯಲ್ಲಿ ಪಕ್ಕ ನಿಂತವರು, ಪಕ್ಕದ ಮನೆ ಮಕ್ಕಳು, ಯಾರೋ ಕಳಿಸಿದ ರಕ್ತ ಪರೀಕ್ಷೆಯ ವರದಿ, ಎಲ್ಲವನ್ನೂ ಕೊಟ್ಟ ಹಾಗೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋದ ಒಳಗೇ ತೆಗೆದ ಜಾಗ ಬರೆದಿರುತ್ತದೆ. 2019ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಐಸಿಎಸ್‌ಐ ಅನ್ನುವ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯ ಸಂಶೋಧಕರು, ಅನುಮತಿ ಇಲ್ಲ ಅಂದ ಮೇಲೂ ಅಡ್ಡದಾರಿಯಿಂದ ಮಾಹಿತಿ ಎಳೆಯಬಲ್ಲ 1,325 ಆಂಡ್ರಾಯ್ಡ್ ಆ್ಯಪ್‌ಗಳನ್ನು ಪತ್ತೆ ಮಾಡಿದರು. ಫೋಟೋದೊಳಗಿನ ಜಾಗ ಓದಿಕೊಳ್ಳುವುದೂ ಆ ಅಡ್ಡದಾರಿಗಳಲ್ಲಿ ಒಂದು. ಆ ತೂತುಗಳಲ್ಲಿ ಕೆಲವನ್ನು ಆಮೇಲೆ ಮುಚ್ಚಿದ್ದಾರೆ. ಈಗ ಎರಡೂ ಬಗೆಯ ಹೊಸ ಫೋನುಗಳಲ್ಲಿ ಇಡೀ ಗ್ಯಾಲರಿ ಬಿಟ್ಟು ಆರಿಸಿದ ಫೋಟೋ ಮಾತ್ರ ಕೊಡಬಹುದು, ನಾನು ಈಗ ಹಾಗೇ ಮಾಡುವುದು.

ಫೋನ್‌ಬುಕ್‌ಗೂ ಅಂಥದ್ದು ಬಂದಿದೆ ಅನ್ನುವುದನ್ನು ನಿಮ್ಮ ಲೇಖನ ಹೇಳಲೇ ಇಲ್ಲ, ನನಗೆ ಮುಖ್ಯ ಅನಿಸಿದ್ದು ಅದೇ. 2024ರಲ್ಲಿ ಬಂದ ಐಫೋನ್ ಸಾಫ್ಟ್‌ವೇರ್ ಐಓಎಸ್ 18ರಿಂದ ಆ್ಯಪ್ ಕಾಂಟ್ಯಾಕ್ಟ್ ಕೇಳಿದರೆ ಬೇಕಾದ ನಾಲ್ಕು ಜನರನ್ನು ಮಾತ್ರ ಆರಿಸಿ ಕೊಡಬಹುದು. ಅದಕ್ಕೆ ಮುಂಚೆ ಕೊಟ್ಟರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಆಂಡ್ರಾಯ್ಡ್‌ನಲ್ಲಿ, ಅನುಮತಿಯನ್ನೇ ಕೇಳದೆ, ನಾವು ಆರಿಸಿದ ಒಬ್ಬರ ನಂಬರನ್ನು ಮಾತ್ರ ಆ್ಯಪ್ ಪಡೆಯುವ ದಾರಿ ಎಷ್ಟೋ ವರ್ಷದಿಂದ ಇದೆ. ಅಂದರೆ ಒಬ್ಬರಿಗೆ ಹಣ ಕಳಿಸೋದಕ್ಕೋ, ಒಬ್ಬರಿಗೆ ಫೋಟೋ ಹಂಚೋದಕ್ಕೋ ಆ್ಯಪ್ ಇಡೀ ಫೋನ್‌ಬುಕ್ ಕೇಳುತ್ತಿದೆ ಅಂದರೆ ಬೇರೆ ದಾರಿ ಇಲ್ಲ ಅಂತಲ್ಲ, ಆ ದಾರಿ ಅದಕ್ಕೆ ಬೇಡ.

ನನ್ನ 22ರಲ್ಲಿ ಈಗ ಮೂರು ಉಳಿದಿವೆ. ಫೋನ್ ಆ್ಯಪ್, ಮೆಸೇಜ್ ಆ್ಯಪ್, ಇನ್ನು ಮನೆಯವರೆಲ್ಲ ಬಳಸುವ ಒಂದು ಚಾಟ್ ಆ್ಯಪ್. ಉಳಿದ 19ರಲ್ಲಿ ಏನಾದರೂ ಕೆಟ್ಟಿತಾ? ಏನೂ ಇಲ್ಲ. ಸ್ಕ್ಯಾನರ್ ಸ್ಕ್ಯಾನ್ ಮಾಡುತ್ತಿದೆ, ಬಲೂನು ಒಡೆಯುತ್ತಿದೆ. ಒಂದೇ ಒಂದು ಆ್ಯಪ್ ಪ್ರತಿ ಸಲ ತೆರೆದಾಗಲೂ ಮುನಿಸಿಕೊಂಡು ಮತ್ತೆ ಮತ್ತೆ ಕೇಳುತ್ತಿತ್ತು, ಅದನ್ನು ತೆಗೆದೇ ಹಾಕಿದೆ. ಆದರೆ ಒಂದು ವಿಷಯ ತಿಳಿದಿರಲಿ. ಅನುಮತಿ ವಾಪಸ್ ತೆಗೆದುಕೊಂಡರೆ ಇನ್ನು ಮುಂದಿನದು ನಿಲ್ಲುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಆ್ಯಪ್ ಅಳಿಸಿದರೂ ಅಷ್ಟೇ, ಅದು ನಮ್ಮ ಫೋನಿನಿಂದ ಹೋಗುತ್ತದೆ, ಅವರ ಸರ್ವರ್‌ನಲ್ಲಿ ನಮ್ಮ ಖಾತೆ ಹಾಗೇ ಇರುತ್ತದೆ. ಮೊದಲು ಆ್ಯಪ್ ಒಳಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ, ಆಮೇಲೆ ಆ್ಯಪ್ ಅಳಿಸಬೇಕು. ಖಾತೆ ತೆರೆಯಲು ಬಿಡುವ ಆ್ಯಪ್, ಅದನ್ನು ಅಳಿಸುವ ದಾರಿಯನ್ನೂ ಆ್ಯಪ್ ಒಳಗೇ ಇಡಬೇಕು ಅಂತ 2022ರ ಜೂನ್ 30ರಿಂದ ಆ್ಯಪಲ್ ನಿಯಮ ಮಾಡಿದೆ, ಗೂಗಲ್ ಪ್ಲೇನಲ್ಲೂ ಆಮೇಲೆ ಇಂಥದ್ದೇ ನಿಯಮ ಬಂತು. ದಾರಿ ಇರುತ್ತದೆ, ಹುಡುಕುವುದು ಮಾತ್ರ ಕಷ್ಟ. ‘ಸಹಾಯ’ದ ಒಳಗೆ, ‘ಇತರೆ’ಯ ಒಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ.

ಹೀಗೆಲ್ಲ ಬರೆದು ನಾನು ಭಾರಿ ತಿಳಿದವನು ಅಂದುಕೊಳ್ಳಬೇಡಿ. ಆಕ್ಸೆಸಿಬಿಲಿಟಿ ಅನ್ನುವ ಅನುಮತಿ ಇದೆ ಅಂತ ನನಗೆ ಗೊತ್ತಾಗಿದ್ದೇ ಈ ಮೂರು ತಿಂಗಳಲ್ಲಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವಂಥ ಒಳ್ಳೆಯ ಕೆಲಸಕ್ಕೆ ಇರುವುದು ಅದು. ಆದರೆ ಅದು ಸಿಕ್ಕಿದ ಆ್ಯಪ್ ಪರದೆಯ ಮೇಲೆ ಇರುವುದನ್ನೆಲ್ಲ ಓದಬಹುದು, ನಮ್ಮ ಪರವಾಗಿ ಬಟನ್ ಕೂಡ ಒತ್ತಬಹುದು. ಬ್ಯಾಂಕ್ ಹಣ ಹೊಡೆಯುವ ಕಳ್ಳ ಆ್ಯಪ್‌ಗಳು ಮೊದಲು ಕೇಳುವುದು ಅದನ್ನೇ. ನೋಟಿಫಿಕೇಶನ್ ಓದುವ ಅನುಮತಿಯೂ ಹಾಗೆಯೇ, ಓಟಿಪಿ ಅಲ್ಲೇ ಬಂದು ಕೂರುತ್ತದಲ್ಲ. ಇವೆರಡೂ ಪರ್ಮಿಶನ್ ಮ್ಯಾನೇಜರ್‌ನ ಮಾಮೂಲಿ ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಬೇರೆ ಕಡೆ ಹುಡುಕಬೇಕು. ಇದರ ಬಗ್ಗೆ ತಿಳಿದವರಿಂದ ಒಂದು ಪೂರ್ತಿ ಲೇಖನ ಬರೆಸಿ, ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ.

ಇನ್ನು ನಿಮ್ಮ ಮನೆಯ ವಿಷಯ. ಆ ಲೇಖನದ ಕೊನೆಗೆ ‘ಹೆಚ್ಚಿನ ಮಾಹಿತಿಗೆ ನಮ್ಮ ಆ್ಯಪ್ ಡೌನ್‌ಲೋಡ್ ಮಾಡಿಕೊಳ್ಳಿ’ ಅಂತ ಇತ್ತು. ಮಾಡಿಕೊಂಡೆ. ತೆರೆದ ತಕ್ಷಣ ಲೊಕೇಶನ್ ಕೇಳಿತು. ಸ್ಥಳೀಯ ಸುದ್ದಿ ತೋರಿಸಲು ಇರಬಹುದು, ಸರಿ, ಆದರೆ ಜಿಲ್ಲೆಯ ಹೆಸರು ಕೇಳಿದ್ದರೆ ನಾನೇ ಒತ್ತಿ ಹೇಳುತ್ತಿದ್ದೆನಲ್ಲ. ಆಮೇಲೆ ಒಂದು ಸುದ್ದಿಯನ್ನು ಗೆಳೆಯನಿಗೆ ಕಳಿಸಲು ಹೋದರೆ ಕಾಂಟ್ಯಾಕ್ಟ್ಸ್ ಕೇಳಿತು. ಏಳು ನೂರು ಜನರ ಹೆಸರು ನಂಬರು ನಿಮ್ಮ ಪತ್ರಿಕೆಗೆ ಯಾಕೆ? ಮಾಹಿತಿ ಕಾಪಾಡಿಕೊಳ್ಳಿ ಅಂತ ನಮಗೆ ಬುದ್ಧಿ ಹೇಳುವ ಪುಟಕ್ಕೂ ನಿಮ್ಮ ಆ್ಯಪ್ ಮಾಡುವ ವಿಭಾಗಕ್ಕೂ ನಡುವೆ ಒಂದು ಮೆಟ್ಟಿಲೋ ಎರಡು ಮೆಟ್ಟಿಲೋ ಇರಬೇಕು, ಯಾರಾದರೂ ಒಮ್ಮೆ ಇಳಿದು ಹೋಗಿ ಕೇಳಿ. ಏನು ಹೇಳಿದರು ಅಂತ ಇದೇ ಜಾಗದಲ್ಲಿ ಅಚ್ಚು ಹಾಕಿ. ಎರಡಕ್ಕೂ ನಾನು ಬೇಡ ಅಂದಿದ್ದೇನೆ, ಸುದ್ದಿ ಏನೂ ಕಡಿಮೆ ಆಗಿಲ್ಲ.

ಓದುಗರ ಪತ್ರಕ್ಕೆ ಹೆಸರು, ಪೂರ್ತಿ ವಿಳಾಸ, ಮೊಬೈಲ್ ನಂಬರ್ ಕಡ್ಡಾಯ ಅಂತ ಮೇಲೆ ಚೌಕದಲ್ಲಿ ಹಾಕಿದ್ದೀರಿ. ಬೇರೆ ಕಾಗದದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಪತ್ರ ನನ್ನದೇ ಹೌದೋ ಅಲ್ಲವೋ ನೋಡೋದಕ್ಕೆ ಮಾತ್ರ. ನೋಡಿದ ಮೇಲೆ ಆ ಕಾಗದ ಹರಿದುಹಾಕಿ. ನನ್ನ ನಂಬರನ್ನು ಯಾರ ಫೋನಿನಲ್ಲೂ ಸೇವ್ ಮಾಡಿಕೊಳ್ಳಬೇಡಿ. ಮಾಡಿಕೊಳ್ಳಲೇಬೇಕು ಅಂದರೆ ಒಳ್ಳೆಯ ಹೆಸರಿಡಿ.

ಇತಿ,
ಒಬ್ಬ ಮನೆ ಮಾಲೀಕ